ಅಟ್ಟದ ಮೇಲಿನ ನಾಲ್ಕು ಸ್ಪ್ರಿಂಗು

ಆರು ವರ್ಷ ನಮ್ಮ ಮನೆಯ ಅಟ್ಟದಲ್ಲಿ, ಗೌರಿ ಹಬ್ಬದ ಮೊರಗಳಿಗೆ ಒತ್ತಿಕೊಂಡು ಒಂದು ಗೋಣಿಚೀಲ ಇತ್ತು. ಒಳಗೆ ನಾಲ್ಕು ಸ್ಪ್ರಿಂಗು. ದಸರೆಗೆ ಮುಂಚೆ ಅಟ್ಟದ ಸಾಮಾನು ಇಳಿಸಿ ಗುಡಿಸುವಾಗಲೆಲ್ಲ ನನ್ನ ಹೆಂಡತಿ ‘ಇದನ್ನ ಗುಜರಿಯವನಿಗೆ ಕೊಟ್ಬಿಡ್ಲಾ?’ ಎನ್ನುತ್ತಿದ್ದಳು. ‘ಬೇಡ ಕಣೆ, ಇರ್ಲಿ’ ಎನ್ನುತ್ತಿದ್ದೆ. ಯಾಕೆ ಇರಬೇಕು ಎಂದು ಆಗ ನನಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕಾರಿನ ಜೊತೆ ಕಂಪನಿಯಿಂದ ಬಂದದ್ದನ್ನು ಎಸೆಯಬಾರದು ಎಂಬ ಹಟ, ಅಷ್ಟೆ.

ಕಳೆದ ತಿಂಗಳು ಆ ಕಾರನ್ನು ಮಾರಿದೆ. 2014ರ ಪೋಲೋ ಜಿಟಿ ಟಿಎಸ್‌ಐ. ಆರು ವರ್ಷದಲ್ಲಿ ಅದಕ್ಕೆ ಹಾಕಿಸಿದ ಸಾಮಾನಿಗೆ ಕೂಲಿ ಸೇರಿ ಮೂರೂಕಾಲು ಲಕ್ಷ ಖರ್ಚು ಮಾಡಿದ್ದೆ. ಮಾರುವ ದಿನ ಬಂದಾಗ ಕೈಹಿಡಿದದ್ದು ಅಟ್ಟದ ಮೇಲಿನ ಆ ನಾಲ್ಕು ಸ್ಪ್ರಿಂಗು, ಜೊತೆಗೆ ಷೆಡ್ಡಿನಲ್ಲಿ ಮುಚ್ಚಿಟ್ಟಿದ್ದ ಹಳೆಯ ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬಿ, ಬ್ರೇಕ್ ಡಿಸ್ಕು, ನಾಲ್ಕು 15 ಇಂಚಿನ ಚಕ್ರ.

ಈ ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 2013ರಲ್ಲಿ ಫೋಕ್ಸ್‌ವ್ಯಾಗನ್ ಇದನ್ನು ಇಲ್ಲಿ ಬಿಟ್ಟಾಗ ಸಣ್ಣ ಹ್ಯಾಚ್‌ಬ್ಯಾಕಿಗೆ ಟರ್ಬೊ ಪೆಟ್ರೋಲ್ ಎಂಜಿನ್ನು, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್ ಡಬ್ಬಿ ಒಟ್ಟಿಗೆ ಸಿಗುವುದು ನಮ್ಮ ಮಾರುಕಟ್ಟೆಯಲ್ಲಿ ಹೊಸ ಸಂಗತಿ. 1.2 ಲೀಟರು, ನಾಲ್ಕು ಸಿಲಿಂಡರು, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 9.7 ಸೆಕೆಂಡು ಎಂದು ಕಂಪನಿ ಹೇಳಿತ್ತು. ಸಂಖ್ಯೆ ಇವತ್ತಿಗೆ ದೊಡ್ಡದೇನಲ್ಲ. ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮತ್ತೆ ಹತ್ತುವಾಗ, ಲಾರಿ ಹಿಂದಿನಿಂದ ಹೊರಬಂದು ಕಾಲು ಒತ್ತಿದ ಕ್ಷಣ ಆ ಎಂಜಿನ್ನು ಎಳೆಯುವ ರೀತಿಯನ್ನು ಅನುಭವಿಸಿದವರು ಮರೆಯುವುದಿಲ್ಲ. 2020ರಲ್ಲಿ ಆ ಎಂಜಿನ್ನು ಹೋಗಿ ಮೂರು ಸಿಲಿಂಡರಿನ 1.0 ಲೀಟರ್ ಬಂತು, ಡಿಎಸ್‌ಜಿ ಹೋಗಿ ಮಾಮೂಲು ಆಟೊಮ್ಯಾಟಿಕ್ ಬಂತು. 2022ಕ್ಕೆ ಭಾರತದಲ್ಲಿ ಪೋಲೋ ತಯಾರಿಕೆಯೇ ನಿಂತಿತು. ಹಾಗಾಗಿ ಒಳ್ಳೆಯ ಜಿಟಿ ಟಿಎಸ್‌ಐ ಎಲ್ಲಿದೆ ಎಂದು ಹುಡುಕುವ ಹುಡುಗರು ಈಗಲೂ ಇದ್ದಾರೆ.

ಕಾರು ಮಾರುತ್ತೇನೆ ಎಂದು ತೀರ್ಮಾನಿಸಿದ ಮೊದಲ ವಾರ ನಾನೂ ಎಲ್ಲರೂ ಮಾಡುವ ಲೆಕ್ಕವನ್ನೇ ಮಾಡಿದೆ. ಮಾರುಕಟ್ಟೆಯಲ್ಲಿ ಇಂಥ ಕಾರಿಗೆ ನಾಲ್ಕೂವರೆ ಲಕ್ಷ ಇದೆ. ಹಾಕಿಸಿದ ಸಾಮಾನಿಗೆ ಅರ್ಧವಾದರೂ ಸೇರಿಸಿದರೆ ಆರು ಲಕ್ಷ. ಹಳೆ ಕಾರಿನ ವ್ಯಾಪಾರಿಯೊಬ್ಬರು ಮನೆಗೇ ಬಂದು ನೋಡಿದರು. ಬಗ್ಗಿ ಹಿಂದಿನ ಸೈಲೆನ್ಸರ್ ಕೊಳವೆಯೊಳಗೆ ಬೆರಳು ಹಾಕಿದರು, ಚಕ್ರಕ್ಕೂ ಫೆಂಡರಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ನೋಡಿದರು. ಎಂಜಿನ್ನು ಸ್ಟಾರ್ಟ್ ಮಾಡಲೂ ಇಲ್ಲ. ‘ಸಾರ್, ಸ್ಟಾಕ್ ಗಾಡಿ ಆಗಿದ್ರೆ ನಾಲ್ಕು ಮೇಲೆ ಕೊಡ್ತಿದ್ದೆ. ಇದಕ್ಕೆ ಮೂರು ನಲವತ್ತು.’ ಸ್ಟಾಕ್ ಎಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ.

ನನಗೆ ಸಿಟ್ಟು ಬಂತು. ಆದರೆ ರಾತ್ರಿ ಕೂತು ಯೋಚಿಸಿದಾಗ ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನನಗೆ 35 ಮಿಲಿಮೀಟರ್ ತಗ್ಗಿದ ಕಾರು ಚೆಂದ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರ ಹಬ್ಬಕ್ಕೆ ಹೋಗುವವನಿಗೆ ಅದು ಪ್ರತಿ ಹಂಪಿನಲ್ಲೂ ಒಂದು ಚಿಂತೆ. ಎಕ್ಸಾಸ್ಟಿನ ಗಡಸು ದನಿ ನನಗೆ ಇಷ್ಟ. ಇನ್ನೊಬ್ಬನಿಗೆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಜೊತೆ ಜಗಳ. ಇನ್ನು ಹೀಗೆ ಬದಲಾಯಿಸಿದ, ಮಾಡ್ ಮಾಡಿದ ಕಾರು ಎಂದರೆ ಕೊಳ್ಳುವವರ ತಲೆಯಲ್ಲಿ ಮೊದಲು ಬರುವುದು ‘ಹುಡುಗ್ರು ರೇಸ್ ಓಡ್ಸಿ ಹಿಂಡಿರೋ ಗಾಡಿ’ ಎಂಬ ಅನುಮಾನ. ಅದು ಎಷ್ಟೋ ಸಲ ನಿಜವೂ ಹೌದು. ಅಭಿರುಚಿಗೆ ಖರ್ಚು ಮಾಡಿದ್ದನ್ನು ಆ ಆರು ವರ್ಷ ನಾನೇ ಅನುಭವಿಸಿ ಮುಗಿಸಿದ್ದೆ. ಅದನ್ನು ಇನ್ನೊಬ್ಬರ ಜೇಬಿನಿಂದ ವಸೂಲಿ ಮಾಡಲು ಹೊರಡುವುದು ನ್ಯಾಯವಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ಪತ್ರಿಕೆಯಲ್ಲಿ ನೀವೂ ನೋಡಿರುತ್ತೀರಿ. ಬೀದಿಯವರ ನಿದ್ದೆ ಕೆಡಿಸುವ ಕೊಳವೆಯನ್ನೂ ಕಾರನ್ನು ಬೇಗ ನಿಲ್ಲಿಸುವ ದೊಡ್ಡ ಡಿಸ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಸರಿಯಾಗಿ ಪರೀಕ್ಷಿಸಿ ಅನುಮತಿ ಕೊಡುವ ಒಂದು ದಾರಿ ನಮಗೆ ಬೇಕು. ಆದರೆ ಆ ವಾದದ ಭಾರವನ್ನು ಕಾರು ಕೊಳ್ಳಲು ಬಂದ ಹುಡುಗನ ತಲೆಗೆ ಕಟ್ಟಲಾಗದು. ತಪಾಸಣೆಯಲ್ಲಿ ದಂಡ ಕಟ್ಟುವವನು ಅವನು. ಅಪಘಾತವಾದ ದಿನ ವಿಮೆಯವರು ‘ಈ ಬದಲಾವಣೆ ನಮಗೆ ತಿಳಿಸಿಲ್ಲ’ ಎಂದು ತಕರಾರು ತೆಗೆದರೆ ಎದುರಿಗೆ ನಿಲ್ಲಬೇಕಾದವನೂ ಅವನೇ.

ಹಾಗಾಗಿ ಕಾರನ್ನು ಸ್ಟಾಕ್‌ಗೆ ತರುವುದು, ಬಿಚ್ಚಿದ ಸಾಮಾನನ್ನು ಬೇರೆ ಬೇರೆ ಮಾರುವುದು ಎಂದು ನಿಶ್ಚಯಿಸಿ ಗೋಣಿಚೀಲ ಇಳಿಸಿದೆ.

ಪೀಣ್ಯದ ಕಡೆ ನನಗೆ ಬಹಳ ದಿನದ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಕೈಯಲ್ಲಿ ಆತುರವಿಲ್ಲ, ಬಾಯಲ್ಲಿ ಮಾತಿಲ್ಲ. ಮುಂದಿನ ಸ್ಟ್ರಟ್ ಬಿಚ್ಚಿ ವೈಸಿಗೆ ಕಟ್ಟಿ, ಸ್ಪ್ರಿಂಗಿಗೆ ಕಂಪ್ರೆಸರ್ ಹಾಕಿ ಎರಡೂ ಬದಿ ಒಂದೊಂದೇ ಸುತ್ತು ಬಿಗಿ ಮಾಡುತ್ತಾ ಹೋದರು. ಸ್ಪ್ರಿಂಗು ಕುಗ್ಗಿ ಮೇಲಿನ ತಟ್ಟೆ ಸಡಿಲವಾದಾಗ ನಟ್ಟು ತೆಗೆದು ಎಲ್ಲವನ್ನೂ ಬಿಡಿಸಿದರು. ಒಳಗಿನ ಬಂಪ್ ಸ್ಟಾಪ್ ಕೈಗೆ ತೆಗೆದುಕೊಂಡವರು ಹಾಗೇ ನಿಂತುಬಿಟ್ಟರು. ಹೆಬ್ಬೆರಳಿನಷ್ಟು ಉದ್ದದ ಸ್ಪಂಜಿನಂಥ ವಸ್ತು ಅದು. ಚಕ್ರ ದೊಡ್ಡ ಗುಂಡಿಗೆ ಬಿದ್ದಾಗ ಕಬ್ಬಿಣ ಕಬ್ಬಿಣಕ್ಕೆ ಬಡಿಯದ ಹಾಗೆ ಕೊನೆಯ ಪೆಟ್ಟನ್ನು ತಾನು ತಿನ್ನುತ್ತದೆ. ನನ್ನದರಲ್ಲಿ ಅರ್ಧಕ್ಕರ್ಧ ಇರಲಿಲ್ಲ. ಆಕ್ಸಾ ಬ್ಲೇಡಿನಲ್ಲಿ ಕೊಯ್ದ ಗುರುತು ನೆಟ್ಟಗೆ ಕಾಣುತ್ತಿತ್ತು.

‘ಯಾರ್ ಸಾರ್ ಕುಯ್ದಿದ್ದು?’

ಆರು ವರ್ಷದ ಹಿಂದೆ ತಗ್ಗಿನ ಸ್ಪ್ರಿಂಗು ಹಾಕಿಸಿದ ಗ್ಯಾರೇಜಿನವರು. ಸ್ಪ್ರಿಂಗು ಗಿಡ್ಡವಾದಾಗ ಜಾಗ ಸಾಲದೆಂದು ಹೀಗೆ ಕೊಯ್ಯುವುದುಂಟು. ನನಗೆ ಮಾತ್ರ ಅವರು ಹೇಳಿರಲಿಲ್ಲ. ಅಷ್ಟು ವರ್ಷ ನಾನು ಪ್ರತಿ ಗುಂಡಿಯಲ್ಲೂ ಕೇಳಿದ ಆ ಒಣ ಸದ್ದಿಗೆ ಕಾರಣ ಈಗ ಕೈಯಲ್ಲಿತ್ತು. ಮೂಲದ ಸ್ಪ್ರಿಂಗು ಕಾಪಾಡಿಟ್ಟಿದ್ದೆ, ಸರಿ. ಬಂಪ್ ಸ್ಟಾಪ್ ಕಾಪಾಡುವುದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಹೊಸದು ತಂದೆ. ನಿಮ್ಮ ಕಾರಿನಲ್ಲಿ ಏನೇ ಬದಲಾಯಿಸಿದರೂ ಬಿಚ್ಚಿದ್ದನ್ನೆಲ್ಲ, ನಟ್ಟು ವಾಷರು ಸಮೇತ, ಎಣಿಸಿ ಮನೆಗೆ ತನ್ನಿ. ಬಂಪ್ ಸ್ಟಾಪ್ ಹೇಗೋ ಸಿಕ್ಕಿತು. ತಯಾರಿಕೆ ನಿಂತ ಕಾರುಗಳ ಎಲ್ಲ ಸಾಮಾನೂ ಹಾಗೆ ಸಿಗುವುದಿಲ್ಲ. 106 ಬಿಎಚ್‌ಪಿಯ ಹಳೆಯ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರನ್ನು ಕೇಳಿ: ಅವರು ಈಗ ಹುಡುಕುತ್ತಿರುವುದು ಯಾರೋ ಬಿಚ್ಚಿ ಎಸೆದ ಕಂಪನಿ ಸಾಮಾನನ್ನು.

ಸೈಲೆನ್ಸರ್, ಡಿಸ್ಕು, ಏರ್ ಬಾಕ್ಸು ಎರಡು ದಿನದ ಕೆಲಸ. ಉಳಿದದ್ದು ರೀಮ್ಯಾಪ್. ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಬರೆದು ಟರ್ಬೊ ಒತ್ತಡ, ಇಂಧನ, ಕಿಡಿಯ ಹೊತ್ತು ಬದಲಿಸುವ ವಿದ್ಯೆ ಅದು. ಶಕ್ತಿ ಅಳೆಯುವ ಡೈನೊ ಯಂತ್ರದ ಚೀಟಿಯ ಪ್ರಕಾರ ನನ್ನ ಕಾರು 132 ಪಿಎಸ್, 225 ನ್ಯೂಟನ್ ಮೀಟರ್ ತೋರಿಸಿತ್ತು. ಈ ಡಿಎಸ್‌ಜಿ ಡಬ್ಬಿಯ ಮಿತಿ 250. ಮಿತಿಯೊಳಗೇ ಇದ್ದರೂ ಒಣ ಕ್ಲಚ್ಚಿನ ಈ ಡಬ್ಬಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸವೆಯುವುದು ಹೇಗೆ ಎಂದು ಇಟ್ಟುಕೊಂಡವರಿಗೆಲ್ಲ ಗೊತ್ತು. ಹೆಚ್ಚುವರಿ ಟಾರ್ಕು ಅದನ್ನು ಬೇಗ ಸವೆಸುತ್ತದೆ. ನನ್ನದಕ್ಕೆ 61 ಸಾವಿರ ಕಿ.ಮೀ.ಗೆ ಹೊಸ ಕ್ಲಚ್ ಪ್ಯಾಕ್ ಹಾಕಿಸಬೇಕಾಯಿತು. ರೀಮ್ಯಾಪ್ ಮಾಡಿದವರ ಹತ್ತಿರ ನನ್ನ ಮೂಲ ಫೈಲು ಭದ್ರವಾಗಿತ್ತು. ಅರ್ಧ ಗಂಟೆಯಲ್ಲಿ ಹಳೆಯ ಲೆಕ್ಕ ವಾಪಸು ಬಂತು. ಅವತ್ತು ತುಮಕೂರು ರಸ್ತೆಯ ಮೇಲೆ ಮನೆಗೆ ಬರುವಾಗ ಮೂರನೇ ಗೇರಿನಲ್ಲಿ ಕಾಲು ಒತ್ತಿದೆ. ಎಳೆಯಿತು, ಆದರೆ ಮೊದಲಿನಂತೆ ಬೆನ್ನು ಸೀಟಿಗೆ ಒತ್ತಲಿಲ್ಲ. ನನ್ನ ಕಾರು ಆಗಲೇ ಹೋಗಿಬಿಟ್ಟಿದೆ ಎನಿಸಿ ಗಂಟಲು ಕಟ್ಟಿತು.

ಅದೇ ಸಂಜೆ ಗೆಳೆಯರೊಬ್ಬರು ಬಂದು ನೋಡಿ ಖುಷಿಪಟ್ಟರು. ‘ಷೋರೂಮಿಂದ ಬಂದಂಗಿದೆ. ಈಗ ರೀಮ್ಯಾಪು ಗೀಮ್ಯಾಪು ಅಂತ ಬಾಯಿ ಬಿಡಬೇಡಿ. ಸಿಂಗಲ್ ಓನರ್, ಸ್ಟಾಕ್ ಗಾಡಿ ಅನ್ನಿ, ಸಾಕು.’

ಈ ಇಡೀ ವ್ಯವಹಾರದಲ್ಲಿ ನನ್ನನ್ನು ನಿದ್ದೆಗೆಡಿಸಿದ ಮಾತು ಇದೊಂದೇ. ಕಾರಿನ ಮೇಲೆ ಎಕ್ಸಾಸ್ಟು, ತಗ್ಗು ಸ್ಪ್ರಿಂಗು ಇದ್ದಷ್ಟು ದಿನ ಅದರ ಕಥೆ ನೋಡುವವರ ಕಣ್ಣಿಗೇ ಬೀಳುತ್ತಿತ್ತು. ಆ ವ್ಯಾಪಾರಿ ಎರಡು ಬೆರಳಿನಲ್ಲಿ ಓದಿಬಿಟ್ಟಿದ್ದರು. ಸ್ಟಾಕ್ ಮಾಡಿದ್ದೇ ಆ ಗುರುತುಗಳನ್ನೆಲ್ಲ ನಾನೇ ಒರೆಸಿಹಾಕಿದಂತಾಯಿತು. ಎಂಜಿನ್ನು 50 ಸಾವಿರ ಕಿ.ಮೀ. ಹೆಚ್ಚಿನ ಒತ್ತಡದಲ್ಲಿ ಓಡಿದ್ದು ಮಾತ್ರ ಒಳಗೆ ಹಾಗೇ ಇದೆ. ಪಿಸ್ಟನ್ನಿಗೆ, ಟರ್ಬೊಗೆ, ಕ್ಲಚ್ಚಿಗೆ ಅದು ಗೊತ್ತು, ನನಗೆ ಗೊತ್ತು, ಕೊಳ್ಳುವವನೊಬ್ಬನಿಗೆ ಗೊತ್ತಿಲ್ಲ. ಮೂಲ ಸಾಮಾನು ವಾಪಸು ಹಾಕಿ ಸುಮ್ಮನಿರುವುದಕ್ಕಿಂತ, ಹಾಕದೆ ಹಾಗೇ ಮಾರುವುದೇ ಎಷ್ಟೋ ಪ್ರಾಮಾಣಿಕ. ಮಾಡ್ ಮಾಡಿದ ಕಾರನ್ನು ಸ್ಟಾಕ್ ಮಾಡಿ ಮಾರುವವನಿಗೆ ಬಾಯಿಬಿಟ್ಟು ಹೇಳುವ ಕರ್ತವ್ಯ ಇನ್ನೂ ಹೆಚ್ಚು ಎಂಬುದು ನನ್ನ ತೀರ್ಮಾನ. ಇದರಲ್ಲಿ ರಾಜಿ ಇಲ್ಲ.

ಆ ರಾತ್ರಿ ಒಂದು ಹಾಳೆ ಬರೆದೆ. ಯಾವ ಸಾಮಾನು ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು. ಕ್ಲಚ್ ಬದಲಾದದ್ದು. ಕಂಪನಿ 15,000 ಕಿ.ಮೀ.ಗೆ ಎಂದರೂ ನಾನು 7,500ಕ್ಕೇ ಎಂಜಿನ್ ಆಯಿಲ್ ಬದಲಿಸಿದ್ದು, ಬಿಲ್ಲು ಸಮೇತ. ಎಡ ಹಿಂಬದಿಯ ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದು. ಹಂಪಿಗೆ ತಗುಲಿ ಅಡಿಭಾಗ ಎರಡು ಕಡೆ ಉಜ್ಜಿರುವುದು. ಇನ್ನೊಂದು ಸಂಗತಿಯನ್ನೂ ಬರೆದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಂಪನಿ ಟೈರು 185/60 ಆರ್15. ನಾನು ಹಾಕಿಸಿದ್ದು 195/55 ಆರ್16. ಚಕ್ರದ ಸುತ್ತಳತೆ ಸುಮಾರು 3 ಪರ್ಸೆಂಟ್ ಹೆಚ್ಚು. ಚಕ್ರ ದೊಡ್ಡದಾದಷ್ಟೂ ಮೀಟರು ಕಡಿಮೆ ಓಟ ತೋರಿಸುತ್ತದೆ. ಈ ದೊಡ್ಡ ಚಕ್ರದ ಮೇಲಿನ ಓಟವನ್ನು ಮೀಟರು 50 ಸಾವಿರ ಎಂದು ತೋರಿಸಿದಾಗ ಕಾರು ನಿಜಕ್ಕೂ ಓಡಿದ್ದು 51,500ರ ಹತ್ತಿರ. ಮೀಟರಿನಲ್ಲಿ 86 ಸಾವಿರ ಇದ್ದರೆ ಸುಮಾರು 87,500 ಎಂದು ತಿಳಿಯಿರಿ ಎಂದು ಬರೆದೆ.

ಹಾಳೆ ಓದಿ ಇಬ್ಬರು ಹಿಂದೆ ಸರಿದರು. ಒಬ್ಬರು ಟೋಕನ್ ಅಡ್ವಾನ್ಸ್ ಕೊಡುವ ಹಂತದಲ್ಲಿದ್ದವರು. ‘ಇಷ್ಟೆಲ್ಲ ಆಗಿದ್ಯಾ ಸಾರ್, ನೋಡೋಣ’ ಎಂದು ಹೋದವರು ಮತ್ತೆ ಫೋನು ಎತ್ತಲಿಲ್ಲ. ಬೇಜಾರಾಯಿತು, ಸುಳ್ಳು ಹೇಳಲಾರೆ. ಈ ನಡುವೆ ಬಿಡಿ ಸಾಮಾನುಗಳು ಸಲೀಸಾಗಿ ಹೋದವು. ಎಕ್ಸಾಸ್ಟು, ಬ್ರೇಕು, 16 ಇಂಚಿನ ಚಕ್ರಗಳಿಗೆಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ ಬಂತು. ಕಾರಿನ ಮೇಲೇ ಬಿಟ್ಟಿದ್ದರೆ ಇದರಲ್ಲಿ ಒಂದು ರೂಪಾಯಿಯೂ ಹುಟ್ಟುತ್ತಿರಲಿಲ್ಲ. ತಗ್ಗಿನ ಸ್ಪ್ರಿಂಗುಗಳನ್ನು ಮಾತ್ರ ಮಾರಲಿಲ್ಲ. ಕೆಳಗಿನ ಸುತ್ತಿನಲ್ಲಿ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ತುಕ್ಕು ತಿಂದ ಸ್ಪ್ರಿಂಗು ಓಡುವಾಗ ಮುರಿಯಬಹುದು. ಶಿವಾಜಿನಗರದ ಗುಜರಿಗೆ ತೂಕಕ್ಕೆ ಹಾಕಿದೆ.

ಮೂರನೆಯವನು ಹಾಸನದ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಬಂದ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಗೇಟಿನೊಳಗೆ ಬಂದವರು ನಮಸ್ಕಾರ ಮಾಡಿ, ಚಪ್ಪಲಿ ಬಿಡುವ ಮೊದಲೇ ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಕಾರು ತೋರಿಸುವ ದಿನ ನಾನು ಬೆಳಿಗ್ಗೆ ಸ್ಟಾರ್ಟ್ ಮಾಡುವುದಿಲ್ಲ. ತಣ್ಣನೆಯ ಎಂಜಿನ್ನು ಮೊದಲ ಹತ್ತು ಸೆಕೆಂಡಿನಲ್ಲಿ ಹೇಳುವುದನ್ನು ಬಿಸಿಯಾದ ಮೇಲೆ ಮುಚ್ಚಿಡುತ್ತದೆ. ಅವರು ಆಯಿಲ್ ಮುಚ್ಚಳ ತೆಗೆದು ಒಳಬದಿ ಬೆರಳಾಡಿಸಿದರು, ಮೂಸಿದರು. ಆಮೇಲೆ ನನ್ನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು.

‘ಎಷ್ಟ್ ಓಡ್ಸಿದೀರಿ ಅನ್ನೋದು ಸರಿ ಸ್ವಾಮಿ. ಹೆಂಗ್ ಓಡ್ಸಿದೀರಿ?’

ಹೇಳಿದೆ. ತಿಂಗಳಿಗೊಮ್ಮೆ ಘಾಟಿ, ದಿನಾ ಆಫೀಸು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಎರಡು ಸಲ ಒಯ್ದಿದ್ದೇನೆ, ಎರಡೂ ಸಲ ಬಂದಮೇಲೆ ಆಯಿಲ್ಲು, ಬ್ರೇಕ್ ಪ್ಯಾಡು ಬದಲಿಸಿದ್ದೇನೆ. ಎಂಜಿನ್ನು ಬಿಸಿಯಾಗುವ ಮುಂಚೆ ಕಾಲು ಒತ್ತಿಲ್ಲ, ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಸುಮ್ಮನೆ ಓಡಿಸಿ ಟರ್ಬೊ ತಣಿಯದೆ ಆಫ್ ಮಾಡಿಲ್ಲ. ಅವರು ತಲೆಯಾಡಿಸುತ್ತಾ ಕುಕ್ಕರುಗಾಲಲ್ಲಿ ಕೂತು ಟೈರು ಸವರಿದರು. 15 ಇಂಚಿನ ಮೂಲ ಚಕ್ರಕ್ಕಿದ್ದ ಟೈರು ಹತ್ತು ವರ್ಷ ಹಳೆಯದು. ಮೇಲೆ ಎಷ್ಟೇ ಎಳೆ ಇದ್ದರೂ ರಬ್ಬರು ಸತ್ತಿತ್ತು. ಅದಕ್ಕೆ ನಾಲ್ಕೂ ಹೊಸದು ಹಾಕಿಸಿದ್ದೆ.

‘ಟೈರ್ ಹೊಸ್ದು. ಓಡಿದ್ ಟೈರ್ ಎಲ್ಲವೆ? ಅವುನ್ನ ತೋರ್ಸಿ.’

ಹೊಸ ಟೈರು ಕೂಡ ಒಂದು ಗುರುತನ್ನು ಮುಚ್ಚುತ್ತದೆ ಎಂದು ನನಗೇ ಹೊಳೆದಿರಲಿಲ್ಲ. 16 ಇಂಚಿನ ಚಕ್ರ ಕೊಂಡವರು ಟೈರು ಬೇಡವೆಂದು ಬಿಚ್ಚಿಸಿ ಬಿಟ್ಟುಹೋಗಿದ್ದರಿಂದ ಅವು ಇನ್ನೂ ಷೆಡ್ಡಿನಲ್ಲೇ ಇದ್ದವು. ಹೊರಗೆ ಉರುಳಿಸಿದೆ. ಅವರು ಒಂದೊಂದನ್ನೂ ಬಿಸಿಲಿಗೆ ತಿರುಗಿಸಿ, ಅಂಗೈಯನ್ನು ಹೊರ ಅಂಚಿನಿಂದ ಒಳ ಅಂಚಿಗೆ ಸವರಿದರು. ನಾಲ್ಕರಲ್ಲೂ ಒಳ ಅಂಚು ಹೆಚ್ಚು ಸವೆದಿತ್ತು, ಎಡಕ್ಕೂ ಬಲಕ್ಕೂ ಒಂದೇ ಸಮ. ‘ಇಳ್ಸಿದ್ ಗಾಡಿ ಹಿಂಗೇ ತಿಂತದೆ. ಒಂದೇ ಕಡೆ ತಿಂದಿದ್ರೆ ಗುದ್ದಿರೋ ಗಾಡಿ ಅಂತಿದ್ದೆ’ ಎಂದು ಮಗನಿಗೆ ತೋರಿಸಿ, ಎದ್ದು ಕೈ ಒರೆಸಿಕೊಂಡರು. ನಲವತ್ತು ವರ್ಷ ಬಸ್ಸಿನ ಕೆಳಗೆ ಮಲಗಿದ ಕೈ ಅದು. ಇಂಥವರು ನನ್ನ ಕಾರು ನೋಡಿದ್ದೇ ನನಗೆ ಹೆಮ್ಮೆ.

ಟೆಸ್ಟ್ ಡ್ರೈವಿಗೆ ಮೊದಲು ನಾನು ಓಡಿಸಿದೆ, ಹುಡುಗ ಪಕ್ಕದಲ್ಲಿ. ಎಣ್ಣೆ ಬಿಸಿಯಾದ ಮೇಲೆ ಅವನಿಗೆ ಕೊಟ್ಟೆ. ನಾಲ್ಕು ಲಕ್ಷದ ಅರವತ್ತು ಸಾವಿರಕ್ಕೆ ಮಾತಾಯಿತು. ಬಾಗಿಲಿಗೆ ಬಣ್ಣ ಹೊಡೆಸಿದ್ದಕ್ಕೆ, ಅಡಿ ಉಜ್ಜಿದ್ದಕ್ಕೆ ಹದಿನೈದು ಸಾವಿರ ಇಳಿಸಿ ಎಂದರು, ಇಳಿಸಿದೆ.

ಕಾಗದದ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಾರಂ 29, ಫಾರಂ 30 ಎರಡಕ್ಕೂ ಅವತ್ತೇ ಸಹಿ ಆಗಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ‘ಆಮೇಲೆ ಮಾಡಿಸ್ಕೋತಾರೆ ಬಿಡಿ’ ಎಂಬ ಮಾತಿಗೆ ಕಿವಿಗೊಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ಕಾರು ಎಷ್ಟು ಕೈ ಬದಲಾಗಿದ್ದರೂ. ವೇಗದ ಕಾರು ಮಾರುವವರು ಇದನ್ನು ಇನ್ನಷ್ಟು ಗಟ್ಟಿಯಾಗಿ ನೆನಪಿಡಬೇಕು. ಥರ್ಡ್ ಪಾರ್ಟಿ ವಿಮೆ ಕಾರಿನ ಜೊತೆ ಹೋಗುತ್ತದೆ. ಉಳಿದ ವಿಮೆಗೆ ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ ನಿಮ್ಮದು, ಅದನ್ನು ಬರೆಸಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಮುಚ್ಚಿಸಿ. ಡೆಲಿವರಿ ಚೀಟಿಯಲ್ಲಿ ತಾರೀಕಿನ ಜೊತೆ ಗಂಟೆ ನಿಮಿಷವನ್ನೂ ಬರೆಯಿರಿ. ನಾವು ಬರೆದದ್ದು ಮಧ್ಯಾಹ್ನ 12:40. ನನ್ನ ಹಾಳೆಗೂ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು.

ಹುಡುಗ ಸ್ಟಾರ್ಟ್ ಮಾಡಿದ. ಅಪ್ಪ ಪಕ್ಕದಲ್ಲಿ ಕೂತು ‘ನಿಧಾನ ಕಣ್ಲಾ, ಎಣ್ಣೆ ಮೇಲಕ್ಕೆ ಬರ್ಲಿ’ ಎಂದರು. ಬೀದಿಯ ತಿರುವು ದಾಟಿದ ಮೇಲೆ ಕಾರಿನ ಸದ್ದು ಕೇಳಿಸಲಿಲ್ಲ. ಮೊದಲಾಗಿದ್ದರೆ ಮುಖ್ಯರಸ್ತೆ ಸೇರುವವರೆಗೂ ಗೊತ್ತಾಗುತ್ತಿತ್ತು. ಹತ್ತೊಂಬತ್ತನೇ ದಿನ ಆರ್‌ಸಿ ಅವನ ಹೆಸರಿಗೆ ಆಗಿದೆ ಎಂದು ಮೊಬೈಲಿಗೆ ಸಂದೇಶ ಬಂತು. ಗೋಣಿಚೀಲ ಕೊಡವಿ, ಮಡಚಿ, ಅಟ್ಟದಲ್ಲಿ ಮೊರಗಳ ಪಕ್ಕ ಇಟ್ಟೆ.